ಬಾಟಲಿಯ ತಳದ ಏಳು

ಆ ಶೆಡ್ಡಿನಲ್ಲಿ ನಗುವಂತಿರಲಿಲ್ಲ. ಗೋಡೆಯ ಮೇಲೆ ಬರೆದು ಹಾಕಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ನಕ್ಕರೆ ಕೈ ನಿಲ್ಲುತ್ತದೆ ಎಂದು ಸಾಹುಕಾರ ಮಹಾರುದ್ರಪ್ಪ ಹೇಳಿದ್ದ. "ಕಾಯಕದಾಗ ನಗಬಾರ್ದವ್ವ," ಎಂದು ಮೆತ್ತಗೆ, ವಿಭೂತಿ ಹಚ್ಚಿದ ಹಣೆ ಸವರಿಕೊಳ್ಳುತ್ತ ಹೇಳಿದ್ದ.

ಆದರೂ ಒಂಬತ್ತು ಹೆಂಗಸರು ನಗುತ್ತಿದ್ದರು. ಅದು ಅವರ ತಪ್ಪಲ್ಲ, ಸ್ಪಿರಿಟ್ಟಿನ ತಪ್ಪು.

ಬಸವಕಲ್ಯಾಣದ ಹೊರಗೆ, ಹೆದ್ದಾರಿಗೆ ಬೆನ್ನು ಮಾಡಿ ನಿಂತ ತಗಡಿನ ಶೆಡ್ಡು. ಎರಡು ಕಿಟಕಿ. ಎರಡಕ್ಕೂ ಪ್ಲಾಸ್ಟಿಕ್ ಹಾಳೆ ಬಡಿದಿದ್ದರು, ಒಳಗಿನ ಧೂಳು ಹೊರಗಿನವರ ಕಣ್ಣಿಗೆ ಬೀಳಬಾರದೆಂದು. ಚೀಲಗಟ್ಟಲೆ ಕೂಸುಗಳ ಹಾಲಿನ ಬಾಟಲಿ ಬರುತ್ತಿದ್ದವು. ಎಲ್ಲಿಂದ ಎಂದು ಯಾರೂ ಕೇಳುವಂತಿರಲಿಲ್ಲ. ಗಾಜಿನಂತೆ ತಿಳಿ, ಕಲ್ಲಿನಂತೆ ಗಟ್ಟಿ. ತಳದಲ್ಲಿ ಮೂರು ಬಾಣಗಳ ತ್ರಿಕೋನ, ಅದರೊಳಗೆ 7. ಆ 7 ಹೋಗಬೇಕು. ಅದೇ ಕೆಲಸ.

ಬಾಟಲಿಯನ್ನು ತೊಡೆಗಳ ನಡುವೆ ತಲೆಕೆಳಗಾಗಿ ಸಿಕ್ಕಿಸಿಕೊಳ್ಳಬೇಕು. ಪಾಲಿಶ್ ಪೇಪರಿನ ತುಂಡನ್ನು ಹೆಬ್ಬೆರಳಿನಿಂದ ಒತ್ತಿ ತಿಕ್ಕಬೇಕು. ಬಿಳಿ ಪುಡಿ ಮೂಗಿಗೆ, ರೆಪ್ಪೆಗೆ, ಮಧ್ಯಾಹ್ನದ ರೊಟ್ಟಿಗೆ ಹತ್ತುತ್ತಿತ್ತು. ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಅರಿವೆಯಿಂದ ಒರೆಸಬೇಕು. ಮಸುಕಾದ ತಳದ ಮೇಲೆ ದುಂಡನೆಯ ಹಸಿರು ಸ್ಟಿಕ್ಕರ್ ಅಂಟಿಸಬೇಕು. ಸ್ಟಿಕ್ಕರಿನಲ್ಲಿ ಒಂದು ಎಲೆ, ಒಂದು ನಗುವ ಕೂಸು, 'ಮಗುವಿಗೆ ಪೂರ್ತಿ ಸುರಕ್ಷಿತ' ಎಂಬ ಬರಹ. ಆ ಶೆಡ್ಡಿನಲ್ಲಿ ನಗಲು ಪರವಾನಗಿ ಇದ್ದದ್ದು ಆ ಕೂಸಿಗೆ ಮಾತ್ರ.

ಮುಚ್ಚಿದ ಶೆಡ್ಡಿನಲ್ಲಿ ಸ್ಪಿರಿಟ್ಟಿನ ವಾಸನೆ ಹನ್ನೊಂದು ಗಂಟೆಗೆಲ್ಲ ತಲೆಗೇರುತ್ತಿತ್ತು. ಯಾರಾದರೂ ಸೀನಿದರೆ ಸಾಕು, ನಗು. ಸ್ಟಿಕ್ಕರ್ ಸೊಟ್ಟಗೆ ಬಿದ್ದರೂ ನಗು. ಸಂಜೆ ಮನೆಗೆ ಹೋಗುವಾಗ ತಲೆ ಸಿಡಿಯುತ್ತಿತ್ತು.

ಧನಶ್ರೀ ಆ ಒಂಬತ್ತರಲ್ಲಿ ಸಣ್ಣವಳು. ಹತ್ತೊಂಬತ್ತು ವರ್ಷ. ಮಂಠಾಳದ ಕುರಿ ಕಾಯುವವರ ಮನೆಯ ಹುಡುಗಿ. ಆರನೇ ಇಯತ್ತೆಗೆ ಸಾಲೆ ಬಿಟ್ಟವಳು. ಯಾರಾದರೂ ಹೆಸರು ಕೇಳಿದರೆ ಮೊದಲು ನೆಲ ನೋಡುವವಳು, ಆಮೇಲೆ ಹೇಳುವವಳು. ಆದರೆ ಕಣ್ಣು, ಕಿವಿ ಎರಡೂ ಸುಮ್ಮನಿರುತ್ತಿರಲಿಲ್ಲ. ಇನ್ನೂರು ಕುರಿಗಳ ನಡುವೆ ತಮ್ಮ ಮರಿ ಯಾವುದೆಂದು ಕೂಗಿನಿಂದಲೇ ಹೇಳುವವರ ಮಗಳು. ಶೆಡ್ಡಿಗೆ ಬಂದ ಮೂರನೇ ವಾರಕ್ಕೇ ಅವಳಿಗೆ ಗೊತ್ತಾಗಿತ್ತು, ಇಲ್ಲಿ ಎರಡು ಥರದ ಬಾಟಲಿ ಇವೆ ಎಂದು. ಉಗುರಿನಿಂದ ತಟ್ಟಿದರೆ 7ರ ಬಾಟಲಿ ಟಿಣ್ ಎನ್ನುತ್ತದೆ. ಇನ್ನೊಂದು ಸ್ವಲ್ಪ ಮಬ್ಬು, ನೀರು ಹಾಕಿದ ಹಾಲಿನ ಬಣ್ಣ, ತಳದಲ್ಲಿ 5. ಅದು ಡಬ್ ಎನ್ನುತ್ತದೆ. ಆ ಡಬ್ ಬಾಟಲಿಗಳು ಎರಡೇ ಪೆಟ್ಟಿಗೆ ಇದ್ದವು. ಅವನ್ನು ಯಾರೂ ತಿಕ್ಕುತ್ತಿರಲಿಲ್ಲ. ತಪಾಸಣೆಯ ಸಾಹೇಬರು ಬರುವ ದಿನ ಅವು ಮೇಜಿನ ಮೇಲೆ ಸಾಲಾಗಿ ನಿಲ್ಲುತ್ತಿದ್ದವು. ಆ ದಿನ ಹೆಂಗಸರಿಗೆ ರಜೆ.

"ಸಾಹೇಬ್ರು ಬರೂದು ಸಾವ್ಕಾರ್ಗ ಮೊದಲೇ ಹ್ಯಾಂಗ ಗೊತ್ತಾಗ್ತದ?" ಎಂದು ಕರೀಮಾ ಒಮ್ಮೆ ಕೇಳಿದಳು.

"ಬೀಗರಲ್ಲೇನ? ಬೀಗರು ಹೇಳೇ ಬರ್ತಾರ," ಎಂದಳು ಗಯಾಬಾಯಿ.

ಗಯಾಬಾಯಿ ಅಲ್ಲಿನ ಹಿರಿಯಳು. ಐವತ್ತು ದಾಟಿದವಳು, ಬಸವಕಲ್ಯಾಣದ ಕೇರಿಯವಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೀಲಿ ತೆಗೆದು ಕಸ ಹೊಡೆಯುವವಳು. ಯಾರನ್ನಾದರೂ ಬೈಯಬಲ್ಲಳು, ಸಾಹುಕಾರನೊಬ್ಬನನ್ನು ಬಿಟ್ಟು. ಅವಳ ಗಂಡ ತೀರಿಕೊಂಡಾಗ ಮಹಾರುದ್ರಪ್ಪ ಕೇರಿಗೆ ಬಂದಿದ್ದ. "ನನ್ನ ಗುಡಿಸಲ್ದಾಗ ನೆಲದ ಮ್ಯಾಲ ಕುಂತಿದ್ದ," ಎಂದು ಅವಳು ನೂರು ಸಲ ಹೇಳಿದ್ದಳು. "ಚಾಪೆ ಹಾಸ್ತೀನಂದ್ರ ಬ್ಯಾಡಂದ."

ಕರೀಮಾ ಧನಶ್ರೀಯ ಮಗ್ಗುಲಲ್ಲಿ ಕೂರುತ್ತಿದ್ದಳು. ಇಪ್ಪತ್ನಾಲ್ಕು ವರ್ಷ, ನಾಲ್ಕು ತಿಂಗಳ ಹೆಣ್ಣು ಕೂಸಿನ ತಾಯಿ. ಒಂದು ದಿನ ರೇಷನ್ ಅಂಗಡಿಗೆ ಹೋಗಿದ್ದಳು. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು. ಗುರುತು ಬರಲಿಲ್ಲ. ತೊಳೆದು ಇಟ್ಟಳು, ಬರಲಿಲ್ಲ. ಹತ್ತೂ ಬೆರಳು ಇಟ್ಟಳು. ಹಿಂದೆ ಇಪ್ಪತ್ತು ಜನ ನಿಂತಿದ್ದರು.

"ಅಂಗಡಿಯಾಂವ ನನ್ನ ಮಾರಿ ನೋಡಿ ಏನಂದ ಗೊತ್ತೇನು? 'ನೀ ಖರೇ ಕರೀಮಾ ಏನು?' ಅಂದ," ಎಂದು ಅವಳು ಶೆಡ್ಡಿನಲ್ಲಿ ಹೇಳಿದಳು.

"ನೀ ಏನಂದಿ?"

"ನಿನ್ನೆತನಕ ಹೌದಿದ್ದೆ ಅಂದೆ."

ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಎಲ್ಲರೂ ತಮ್ಮ ತಮ್ಮ ಹೆಬ್ಬೆರಳು ನೋಡಿಕೊಂಡರು. ನುಣ್ಣಗಿದ್ದವು. ಬಾಟಲಿಯ ತಳದ ಹಾಗೆ. ಮೇಲ್ವಿಚಾರಕ ಗುರುನಾಥ ಬಾಗಿಲಿನಿಂದ ಕೋಲಿನಲ್ಲಿ ತಗಡು ಬಡಿದ. ನಗು ನಿಂತಿತು. ಕರೀಮಾ ರೇಷನ್ ಇಲ್ಲದೆ ಮನೆಗೆ ಹೋಗಿದ್ದಳು ಎಂಬುದು ಆಮೇಲೆ ನೆನಪಾಯಿತು.

ಕರೀಮಾಳ ಕೂಸಿಗೆ ಬಾಟಲಿ ಕೊಟ್ಟವನು ಮಹಾರುದ್ರಪ್ಪನೇ. ಕೂಸು ಹುಟ್ಟಿದ ವಾರಕ್ಕೆ ಆರು ಬಾಟಲಿ ಕಳಿಸಿದ್ದ. ಸುಮ್ಮನೆ ಕಳಿಸಿರಲಿಲ್ಲ. ಗುರುನಾಥ ಬಂದು, ಕರೀಮಾಳ ಕೈಗೆ ಬಾಟಲಿ, ಮಡಿಲಿಗೆ ಕೂಸು ಕೊಟ್ಟು ಫೋಟೋ ಹೊಡೆದುಕೊಂಡು ಹೋಗಿದ್ದ. ಕಾರ್ಮಿಕರ ಮೇಲೆ ಸಾಹುಕಾರರ ಪ್ರೀತಿ ಎಂದು ಆ ಫೋಟೋ ಊರೆಲ್ಲರ ಮೊಬೈಲಿನಲ್ಲಿ ತಿರುಗಿತ್ತು. ಎರಡು ತಿಂಗಳು ತುಂಬುವುದರೊಳಗೆ ಕರೀಮಾ ಕೆಲಸಕ್ಕೆ ಬಂದಳು. ಎದೆ ಹಾಲು ರವಿಕೆಯಲ್ಲಿ ಹಿಂಗುತ್ತಿತ್ತು. ಮನೆಯಲ್ಲಿ ಅತ್ತೆ ಸಾಜಿದ ಬಾಟಲಿ ಹಾಲು ಕುಡಿಸುತ್ತಿದ್ದಳು. ಸಾಜಿದ ಬಲು ಚೊಕ್ಕ ಹೆಂಗಸು. ಆರೂ ಬಾಟಲಿಯನ್ನು ದಿನಕ್ಕೆ ಎರಡು ಸಲ, ಪೂರ್ತಿ ಅರ್ಧ ಗಂಟೆ ಕೊತಕೊತ ಕುದಿಸುತ್ತಿದ್ದಳು. ನೆರೆಯವರನ್ನು ಕರೆದು ತೋರಿಸುತ್ತಿದ್ದಳು. "ಹಿಂಗ ಕುದಸಬೇಕು. ನಮ್ಮ ಕೂಸಿಗಿ ಒಂದು ದಿನ ಹೊಟ್ಟಿ ಕೆಟ್ಟಿಲ್ಲ."

ಲಸಿಕೆಯ ದಿನ ಕರೀಮಾ ಜೊತೆಗೆ ಧನಶ್ರೀಯನ್ನೂ ಕರೆದುಕೊಂಡು ಹೋದಳು. ಸಾಜಿದ ಚೀಲದಲ್ಲಿ ಬಾಟಲಿ ಹಿಡಿದಿದ್ದಳು. ನರ್ಸ್ ಪೂನಂ ಕೂಸಿನ ತೊಡೆಗೆ ಸೂಜಿ ಚುಚ್ಚಿದಳು. ಕೂಸು ಚೀರಿತು. ಸಾಜಿದ ಬಾಟಲಿ ಬಾಯಿಗಿಟ್ಟಳು. ಪೂನಂ ಸುಮ್ಮನೆ ಆ ಬಾಟಲಿ ನೋಡಿದಳು. ಆಮೇಲೆ ಕೈಗೆ ತೆಗೆದುಕೊಂಡು ತಿರುಗಿಸಿದಳು. ಕುದಿಸಿ ಕುದಿಸಿ ಹಸಿರು ಸ್ಟಿಕ್ಕರ್ ಎಂದೋ ಉದುರಿತ್ತು.

"ತಳಕ್ಕ ಏನಾಗ್ಯಾದ ಇದಕ್ಕ? ಯಾರು ತಿಕ್ಯಾರ?"

ಕರೀಮಾ ಧನಶ್ರೀಯ ಮುಖ ನೋಡಿದಳು. ಧನಶ್ರೀ ನೆಲ ನೋಡಿದಳು.

"ನಾವೇ ರಿ," ಎಂದಳು. "ಅಲ್ಲಿ 7 ಇರ್ತದ್ರಿ. ಅಳಸ್ತೀವ್ರಿ."

ಪೂನಂ ಕುರ್ಚಿ ಎಳೆದು ಕೂತಳು. ಬೈಯಲಿಲ್ಲ. ಬಿಡಿಸಿ ಹೇಳಿದಳು.

"ತಳದ ನಂಬರ್ ಅಂದ್ರ ಪ್ಲಾಸ್ಟಿಕಿನ ಜಾತಿ, 5 ಇದ್ರ ಕೂಸಿಗಿ ನಡೀತದ, ಹಿಂಗ ಗಟ್ಟಿ ಇರೋ 7 ನಡ್ಯಂಗಿಲ್ಲ. ಪ್ಲಾಸ್ಟಿಕ್ ಹಿಂಗ ಗಟ್ಟಿ, ಹಿಂಗ ತಿಳಿ ಆಗ್ಲಿ ಅಂತ ಒಂದು ರಸಾಯನದಿಂದ ಮಾಡ್ತಾರ. ಬಿಸಿ ಹಾಲು, ಕುದಿಯೋ ನೀರು ತಾಗಿದ್ರ ಅದು ಸ್ವಲ್ಪ ಸ್ವಲ್ಪ ಹಾಲಿಗಿ ಬಿಡ್ತದ. ನಮ್ಮ ಮೈಯಾಗ ಹಾರ್ಮೋನ್ ಅಂತ ಇರ್ತಾವ. ಬೆಳಿ, ಸಾಕು ನಿಲ್ಲು, ಈಗ ಮುಟ್ಟಾಗು, ಈಗ ಬಸರಾಗು ಅಂತ ಮೈಗೆ ಹೇಳೋವು ಅವು. ಈ ರಸಾಯನ ಅವುಗಳ ದನಿ ತಗದು ಮಾತಾಡ್ತದ. ಮೈ ಪಾಪ, ಖರೇ ಅಂತ ನಂಬ್ತದ."

ಧನಶ್ರೀಗೆ ಥಟ್ಟನೆ ತಿಳಿಯಿತು. ಅವಳ ಅಪ್ಪ ತಾಯಿಕುರಿಯ ದನಿ ತೆಗೆದು ಮರಿಯನ್ನು ಕರೆಯುತ್ತಿದ್ದ. ಮರಿ ಓಡಿ ಬರುತ್ತಿತ್ತು. ಸಂತೆಯ ದಿನವೂ ಹಾಗೇ ಓಡಿ ಬರುತ್ತಿತ್ತು.

"ನನ್ನ ಕೂಸಿಗಿ ಏನಾಗ್ತದ್ರಿ?" ಎಂದಳು ಕರೀಮಾ.

"ಗೊತ್ತಿಲ್ಲ ಕರೀಮಾ. ಸುಳ್ಳು ಹೇಳಂಗಿಲ್ಲ. ಏನೂ ಆಗದೇನೂ ಇರಬಹುದು. ಇವತ್ತು ಕುಡದ್ರ ನಾಳಿ ಜ್ವರ ಬರ್ತದ ಅಂಬೋ ಹಂಗಲ್ಲ ಇದು. ಜ್ವರ ಬಂದಿದ್ರ ಮಂದಿ ಎಂದೋ ಕಲ್ಲು ತಗೋತಿದ್ರು. ಅದು ಸುಮ್ಮ ಇರ್ತದ, ಅದಕ್ಕ ಎಲ್ಲರೂ ಸುಮ್ಮ ಇರ್ತಾರ. ಕೂಸಿನ ಬಾಟಲಿಗಿ ಈ ಪ್ಲಾಸ್ಟಿಕ್ ಬ್ಯಾಡ ಅಂತ ಸರ್ಕಾರ ಯಾವಾಗೋ ಹೇಳ್ಯಾದ. ಇನ್ನ ಮ್ಯಾಲ ಬಾಟಲಿನೇ ಬ್ಯಾಡ. ವಾಟಿ ಚಮಚದಾಗ ಕುಡಸ್ರಿ. ಎದಿ ಹಾಲು ಬಿಡಸಬ್ಯಾಡ."

ಸಾಜಿದ ನರ್ಸಿನ ಕೈಯಿಂದ ಬಾಟಲಿ ತಿರುಗಿ ತೆಗೆದುಕೊಂಡಳು. "ನಾ ಅರ್ಧಾ ತಾಸು ಕುದಸ್ತಿದ್ದೆ," ಎಂದಳು. ಮತ್ತೆ ಅದನ್ನೇ ಹೇಳಿದಳು. ಹೊರಗೆ ಬಂದವಳೇ ಬಾಟಲಿಯನ್ನು ಎತ್ತಿ ನೆಲಕ್ಕೆ ಬಡಿದಳು. ಅದು ಒಡೆಯಲಿಲ್ಲ. ಪುಟಿದು ಬಂದು ಅವಳ ಮೊಣಕಾಲಿಗೇ ಹೊಡೆಯಿತು. ಕರೀಮಾಗೆ ನಗು ಬಂತು. ಅಳುವ ಬಾಯಿಯಲ್ಲೇ ನಗು ಬಂತು. ಸಾಜಿದಳೂ ನಕ್ಕಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಮೂವರೂ ಹುಚ್ಚರ ಹಾಗೆ ಕೂತು ನಕ್ಕರು. ಆ ದಿನ ಸ್ಪಿರಿಟ್ ಇರಲಿಲ್ಲ.

ಪೂನಂ ಒಂದು ಅರ್ಜಿ ಬರೆದುಕೊಟ್ಟಳು. ಧನಶ್ರೀ, ಕರೀಮಾ ಒಂದು ದಿನದ ಕೆಲಸ ಬಿಟ್ಟು ಅದನ್ನು ಹಿಡಿದು ಓಡಾಡಿದರು. ಮೊದಲ ಕಚೇರಿಯವನು ಇದು ಪ್ಲಾಸ್ಟಿಕ್, ನಮ್ಮದಲ್ಲ ಎಂದ. ಎರಡನೆಯವನು ಇದು ಕೂಸಿನ ವಿಷಯ, ಆ ಮೇಡಂ ರಜೆಯ ಮೇಲಿದ್ದಾರೆ ಎಂದ. ಮೂರನೆಯವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಖಾಲಿ ಅದಲ್ಲವಾ," ಎಂದ. "ಹಾಲು ಇದ್ದಿದ್ರ ಆಹಾರ ಆಗ್ತಿತ್ತು. ಆಹಾರ ಆದ್ರ ನಮ್ದು."

"ತುಂಬಿಕೊಂಡು ಬರ್ಲೇನ್ರಿ?" ಎಂದಳು ಕರೀಮಾ.

"ತುಂಬಿದ್ರ ಹಾಲು ತಪಾಸಣೆ ಮಾಡ್ತೀವಿ. ಬಾಟಲಿ ನಿಮಗ ತಿರುಗಿ ಕೊಡ್ತೀವಿ."

ಮರುದಿನ ಶೆಡ್ಡಿನಲ್ಲಿ ಕರೀಮಾ ಎಲ್ಲವನ್ನೂ ಹೇಳಿದಳು. ಪಾಲಿಶ್ ಪೇಪರಿನ ಸದ್ದು ಒಂದೊಂದಾಗಿ ನಿಂತಿತು. ಎಂಟು ಜನ ನಂಬಿದರು. ಗಯಾಬಾಯಿ ನಂಬಲಿಲ್ಲ.

"ಬಾಟಲಿ ಕೆಟ್ಟದ್ದು ಇದ್ದೀತು. ಸಾವ್ಕಾರ್ಗ ಗೊತ್ತಿಲ್ಲ. ಆ ಗುರುನಾಥನ ಕಿತಾಪತಿ ಇದು."

"ಗೊತ್ತಿಲ್ಲದೇ 7 ಅಳಸ್ರಿ ಅಂತಾನೇನು ಮೌಶಿ?" ಎಂದಳು ಧನಶ್ರೀ. ಅಷ್ಟು ಮಾತಾಡಿ ಕಿವಿ ಕೆಂಪು ಮಾಡಿಕೊಂಡಳು.

"ಅಯ್ಯ, ಇದಕ್ಕ ಬಾಯಿ ಅದ ಅಂತ ನನಗ ಗೊತ್ತೇ ಇದ್ದಿಲ್ಲ!" ಎಂದು ಗಯಾಬಾಯಿ ಸೊಂಟಕ್ಕೆ ಕೈಯಿಟ್ಟಳು. "ಕೇಳು ಧನ್ನಿ. ಐತವಾರ ಮಾಣಿಕನಗರದಾಗ ಸಾವ್ಕಾರ್ರ ಮೊಮ್ಮಗನ ತೊಟ್ಟಿಲ ಕಾರ್ಯ. ಇದೇ ಬಾಟಲಿ ಆಹೇರಿ ಅಂತ ಒಯ್ದು ಕೊಡ್ತೀನಿ. ನನ್ನ ಕೈಯಾರ ತಿಕ್ಕಿದ್ದು. ತನ್ನ ಮೊಮ್ಮಗನಿಗಿ ತಾನೇ ಕುಡಸ್ತಾನ ನೋಡು. ಕುಡಸ್ದ ಅಂದ್ರ ನೀವು ಎಂಟೂ ಮಂದಿ ಒಂದು ತಿಂಗಳು ನನ್ನ ಬದಲಿ ಕಸ ಹೊಡೀಬೇಕು."

"ಕುಡಸಲಿಲ್ಲಂದ್ರ?"

"ಕುಡಸಲಿಲ್ಲಂದ್ರ," ಎಂದಳು ಗಯಾಬಾಯಿ. ಮಾತು ಅಲ್ಲೇ ಬಿಟ್ಟು ಬಾಟಲಿ ತಿಕ್ಕತೊಡಗಿದಳು.

ಭಾನುವಾರ ಒಂಬತ್ತೂ ಜನರಿಗೆ ಕರೆ ಇತ್ತು. ಊಟಕ್ಕಲ್ಲ, ದುಡಿಯಲು. ಟೆಂಪೋದಲ್ಲಿ ಹುಮನಾಬಾದ ದಾಟಿ ಮಾಣಿಕನಗರಕ್ಕೆ ಹೋದರು. ಮಹಾರುದ್ರಪ್ಪನ ಮನೆಯ ಮುಂದೆ ಚಪ್ಪರ, ಚೆಂಡು ಹೂವು. ಇವರು ಹಿತ್ತಲ ಬಾಗಿಲಿನಿಂದ ಒಳಗೆ ಹೋದರು. ಆರು ಜನಕ್ಕೆ ರೊಟ್ಟಿ ಬಡಿಯುವ ಕೆಲಸ. ಗಯಾಬಾಯಿ, ಕರೀಮಾ ಹಿಟ್ಟು ಮುಟ್ಟುವಂತಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಬ್ಬಳ ಕೈಗೆ ಕಸಬರಿಗೆ ಬಂತು. ಇನ್ನೊಬ್ಬಳ ಮುಂದೆ ಎಂಜಲು ತಟ್ಟೆಗಳ ರಾಶಿ ಬಂತು.

ಸಾಹುಕಾರನ ಹೆಂಡತಿ ಕಸ್ತೂರಿಬಾಯಿ ಒಳ್ಳೆಯ ಹೆಂಗಸು. ಗಂಡನ ವ್ಯಾಪಾರದ ಒಳಗುಟ್ಟು ತಿಳಿಯದವಳು, ತಿಳಿಯಲು ಹೋಗದವಳು. ಹಿತ್ತಲಿಗೆ ಬಂದು ಧನಶ್ರೀಯ ಮುಂದೆ ಬುಟ್ಟಿಯೊಂದನ್ನು ಇಟ್ಟಳು.

"ನೀ ಎಲ್ಲಾರಿಕಿಂತ ಚೊಕ್ಕ ಇದ್ದೀ ತಂಗಿ. ಮೊಮ್ಮಗನ ಹಾಲಿನ ಬಾಟಲಿ. ಬ್ಯಾರೆ ಅರಿವಿಲಿಂದ ತೊಳಿ."

ಧನಶ್ರೀ ತೊಳೆದಳು. ಅಭ್ಯಾಸ ಬಲದಿಂದ ಉಗುರಿನಲ್ಲಿ ತಟ್ಟಿದಳು.

ಡಬ್.

ಮತ್ತೊಂದು ತಟ್ಟಿದಳು. ಡಬ್. ನಾಲ್ಕೂ ಡಬ್. ತಿರುಗಿಸಿ ನೋಡಿದಳು. ತ್ರಿಕೋನ ಹರಿತವಾಗಿತ್ತು. ಅದರೊಳಗೆ 5 ನೆಟ್ಟಗೆ ನಿಂತಿತ್ತು. ಯಾರ ಹೆಬ್ಬೆರಳೂ ಅದನ್ನು ತಿಕ್ಕಿರಲಿಲ್ಲ.

ಅವಳು ತಲೆ ಎತ್ತಿ ಗಯಾಬಾಯಿಯನ್ನು ಹುಡುಕಿದಳು. ಕಸಬರಿಗೆ ಗೋಡೆಗೆ ಒರಗಿತ್ತು. ಗಯಾಬಾಯಿ ಇರಲಿಲ್ಲ.

ನಡುಮನೆಯಲ್ಲಿ ಆಗ ಗದ್ದಲವೋ ಗದ್ದಲ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಊದುತ್ತಿದ್ದಳು. ಹೆಸರು ಊದುವವಳ ಬೆನ್ನಿಗೆ ಗುದ್ದುವುದು ಪದ್ಧತಿ. ಇಪ್ಪತ್ತು ಹೆಂಗಸರು ಅವಳ ಬೆನ್ನನ್ನು ದಬದಬ ಗುದ್ದುತ್ತಿದ್ದರು. "ಸಾಯಸ್ತೀರೇನ್ರೆ!" ಎಂದು ಅವಳು ಕೂಗುತ್ತಿದ್ದಳು. ಬಾಣಂತಿ ಸ್ನೇಹಲ್ ಹೊಟ್ಟೆ ಹಿಡಿದುಕೊಂಡು, "ನಗಸಬ್ಯಾಡ್ರೆ, ಹೊಲಿಗಿ ಬಿಚ್ತಾವ," ಎನ್ನುತ್ತಿದ್ದಳು. ಗಯಾಬಾಯಿ ಹೊಸ್ತಿಲ ಹೊರಗೆ ನಿಂತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಆರು ಬಾಟಲಿ.

"ಏನು ತಂದೀ ಗಯಾ?" ಎಂದಳು ಕಸ್ತೂರಿಬಾಯಿ.

"ನಮ್ಮ ಕೈಲೆ ಆಗಿದ್ದು ಅವ್ವಾರ. ಮೊಮ್ಮಗನಿಗಿ. ಮನ್ಯಾಗ ಎರಡು ಸಲ ಬಿಸಿನೀರಾಗ ತೊಳದು ತಂದೀನ್ರಿ."

"ಅಲ್ಲೇ ನೆಲದ ಮ್ಯಾಲ ಇಡು. ನಾ ತಗೋತೀನಿ."

ನೆಲದ ಮೇಲೆ ಇಟ್ಟಳು. ಕಸ್ತೂರಿಬಾಯಿ ಎತ್ತಿಕೊಂಡು ಕಾಗದ ಬಿಚ್ಚಿದಳು. ಮುಖ ಅರಳಿತು. "ನೋಡ್ರೆವ್ವ, ನಮ್ಮ ಫ್ಯಾಕ್ಟರೀದು! ಗಾಜಿನಂಗ ಹ್ಯಾಂಗ ಹೊಳೀತದ!" ಎಂದು ಬೀಗಿತ್ತಿಯರಿಗೆ ತೋರಿಸಿದಳು. ಕೂಸು ಅಳುತ್ತಿತ್ತು. ಹಾಲು ಬಿಸಿಯಾಗಿ ಸಿದ್ಧವಿತ್ತು. ಹಬೆಯಾಡುವ ಹಾಲನ್ನು ಆ ಬಾಟಲಿಗೇ ಸುರಿದಳು. ಮೊಲೆ ತೊಟ್ಟಿನ ರಬ್ಬರು ತಿರುವಿದಳು.

ಗಂಡಸರ ಸಾಲಿನಲ್ಲಿ ಕೂತಿದ್ದ ಮಹಾರುದ್ರಪ್ಪ ಅದನ್ನು ನೋಡಿದ.

"ಏ! ಅದರಾಗ ಬ್ಯಾಡ!"

ಅಂಥ ದನಿ ಅವನಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬಡಿಸಿದ ತಟ್ಟೆಗಳನ್ನು ದಾಟಿ ಹಾರಿ ಬಂದ. ಹೋಳಿಗೆಯ ಮೇಲೆ ಕಾಲಿಟ್ಟು ಜಾರಿದ. ಬಾಟಲಿ ಕಸಿದುಕೊಂಡ. ಹಾಲು ಅವನ ರೇಷ್ಮೆ ಧೋತರದ ಮೇಲೆ ಚೆಲ್ಲಿತು. ಸೋದರತ್ತೆಯನ್ನು ಗುದ್ದುತ್ತಿದ್ದ ಕೈಗಳು ಗಾಳಿಯಲ್ಲೇ ನಿಂತವು.

"ಯಾಕ್ರಿ?" ಎಂದಳು ಕಸ್ತೂರಿಬಾಯಿ.

"ಅದು ತೊಳದಿಲ್ಲ."

"ತೊಳದೀನ್ರಿ ಸಾವ್ಕಾರ್ರ," ಎಂದಳು ಗಯಾಬಾಯಿ ಹೊಸ್ತಿಲಾಚೆಯಿಂದ. "ಎರಡು ಸಲ."

"ನಿಮ್ಮದೇ ಬಾಟಲಿ ಅಲ್ಲೇನ್ರಿ?" ಎಂದಳು ಕಸ್ತೂರಿಬಾಯಿ. "ಸುರಕ್ಷಿತ ಅಂತ ಬರದದ. ಎಲಿ ಅದ. ಕೂಸು ನಗಾಕತ್ತದ."

"ಅದು ಮಾರೂ ಮಾಲು!" ಎಂದ ಮಹಾರುದ್ರಪ್ಪ. "ಮನೀಗಿ ಅಲ್ಲ!"

ಆಗ ಹಿತ್ತಲಿನ ಬಾಗಿಲಲ್ಲಿ ಧನಶ್ರೀ ಕಾಣಿಸಿದಳು. ಕೈಯಲ್ಲಿ ಒದ್ದೆ ಬಾಟಲಿ. ನಲವತ್ತು ಜನರ ಮುಂದೆ ಅವಳು ಜನ್ಮದಲ್ಲಿ ನಿಂತವಳಲ್ಲ. ಈ ಸಲ ನೆಲ ನೋಡಲಿಲ್ಲ. ಬಾಟಲಿ ತಟ್ಟಿದಳು. ಡಬ್. ಎಲ್ಲರಿಗೂ ಕೇಳಿಸಿತು.

"ಇದು ನಿಮ್ಮ ಮೊಮ್ಮಗಂದು ರಿ. 5 ಅದ. ನೀವು ಹಿಡದದ್ದು 7. ಕರೀಮಾನ ಮನಿಗಿ 7ರದ್ದು ಆರು ಕಳಿಸಿದ್ರಿ. ಫೋಟೋ ತಗಸಿದ್ರಿ."

ಕಸ್ತೂರಿಬಾಯಿ ಗಂಡನ ಮುಖ ನೋಡಿದಳು. ಆಮೇಲೆ ಎಂಜಲು ತಟ್ಟೆಯ ರಾಶಿಯ ಹಿಂದೆ ಎದ್ದು ನಿಂತಿದ್ದ ಕರೀಮಾಳ ಮುಖ ನೋಡಿದಳು. ಸ್ನೇಹಲ್ ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಸರಿದಳು.

ಮೊದಲು ನಕ್ಕವಳು ಗಯಾಬಾಯಿ. ಸಣ್ಣಗೆ ಶುರುವಾಯಿತು, ಮೂಗಿನಲ್ಲಿ. ಆಮೇಲೆ ಭುಜ ಕುಣಿದವು. ಆಮೇಲೆ ಅವಳು ಹೊಸ್ತಿಲು ಹಿಡಿದುಕೊಂಡು, ಬಾಯಿ ಪೂರ್ತಿ ತೆರೆದು, ಉಳಿದ ಎಲ್ಲ ಹಲ್ಲು ಕಾಣುವಂತೆ ನಕ್ಕಳು. "ಮಾರೂ ಮಾಲಂತ! ಮನೀಗಿ ಅಲ್ಲಂತ!" ಹಿತ್ತಲಲ್ಲಿ ಉಳಿದವರೂ ಶುರು ಮಾಡಿದರು. ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿದ್ದವು. ಯಾರೂ ತಿರುವಲಿಲ್ಲ. ಹಿಟ್ಟಿನ ಕೈ, ಎಂಜಲ ಕೈಯಲ್ಲೇ ಒಂಬತ್ತೂ ಜನ ಹೊರಗೆ ನಡೆದರು. ಈ ಸಲ ಮುಂದಿನ ಬಾಗಿಲಿನಿಂದ.

ಟೆಂಪೋ ಅವರನ್ನು ಒಯ್ಯಲಿಲ್ಲ. ಹುಮನಾಬಾದಿನ ಬಸ್ ನಿಲ್ದಾಣದವರೆಗೆ ನಡೆದರು. ನಗುತ್ತ ನಡೆದರು. ಆಟೋದವರು ತಿರುಗಿ ತಿರುಗಿ ನೋಡಿದರು. ಬಸ್ಸು ಹತ್ತಿದ ಮೇಲೆ ಗಯಾಬಾಯಿ ಕಿಟಕಿಯ ಕಡೆ ಮುಖ ಮಾಡಿದಳು.

"ನನ್ನ ಗುಡಿಸಲ್ದಾಗ ನೆಲದ ಮ್ಯಾಲ ಕುಂತಿದ್ದ," ಎಂದಳು.

ಬಸ್ಸು ಬಸವಕಲ್ಯಾಣ ಮುಟ್ಟುವ ಹೊತ್ತಿಗೆ ಧನಶ್ರೀ ಅವಳ ಕಿವಿಯ ಹತ್ತಿರ ಬಾಗಿದಳು.

"ಮೌಶಿ, ನಾಳಿ ಮಾಲು ಹೋಗೋ ದಿನ. ಎರಡು ಸಾವಿರ ಬಾಟಲಿ ಕಟ್ಟಿ ಇಟ್ಟದ. ಕೀಲಿ ಜಲ್ದಿ ತಗೀತಿ ಏನು?"

ಬೆಳಿಗ್ಗೆ ಆರೂವರೆಗೆ ಮಂಠಾಳದ ಮೊದಲ ಬಸ್ಸಿನಿಂದ ಧನಶ್ರೀ ಇಳಿದಳು. ಕಂಕುಳಲ್ಲಿ ಎರಡು ಡಬ್ಬಿ. ಅವಳ ಅಪ್ಪ ಕುರಿಗಳ ಬೆನ್ನಿಗೆ ಗುರುತು ಹಚ್ಚುವ ಕೆಂಪು ಎಣ್ಣೆ ಬಣ್ಣ. ಮಳೆಗಾಲ ಪೂರ್ತಿ ನೆನೆದರೂ ಹೋಗದ ಬಣ್ಣ. ಗಯಾಬಾಯಿ ಕೀಲಿ ತೆಗೆದಳು. ಮೊದಲು ಕಿಟಕಿಯ ಪ್ಲಾಸ್ಟಿಕ್ ಹಾಳೆ ಹರಿದು ಬಿಸಾಕಿದಳು. ಶೆಡ್ಡಿಗೆ ಮೊದಲ ಸಲ ಗಾಳಿ ಬಂತು.

ಪೆಟ್ಟಿಗೆ ಒಡೆದರು. ಧನಶ್ರೀ ಕುರಿ ಎಣಿಸುವವಳ ಹಾಗೆ ನಡುವೆ ಕೂತಳು. ತಟ್ಟಿದಳು. ಟಿಣ್ ಎಂದರೆ ಈ ಕಡೆ. ಡಬ್ ಎಂದರೆ ಆ ಕಡೆ. ಟಿಣ್ ಎಂದ ಪ್ರತಿ ಬಾಟಲಿಯ ಹೊಟ್ಟೆಯ ಮೇಲೆ ಬೆರಳಿನಿಂದ ಎರಡು ಗೀರು. ಒಂದು ಅಡ್ಡ, ಒಂದು ಕೆಳಗೆ. 7. ಗಯಾಬಾಯಿಗೆ ಓದು ಬರಹ ಬಾರದು. ಆದರೆ 7 ಬರುತ್ತಿತ್ತು. ಒಂದು ವರ್ಷದಿಂದ ಅದನ್ನೇ ಅಳಿಸುತ್ತ ಬಂದವಳು.

"ನನ್ನದು ನೋಡು, ನನ್ನದು ನೋಡು, ಮಾಸ್ತರಂಗ ಬರದೀನಿ!"

"ಅದು 7 ಅಲ್ಲ ಮೌಶಿ, ಕುಡಗೋಲು."

"ಕುಡಗೋಲಂತನೇ ತಿಳಕೋಲಿ."

ಕರೀಮಾಳ ಮೂಗಿಗೆ ಬಣ್ಣ. ಧನಶ್ರೀಯ ಕೆನ್ನೆಗೆ ಯಾರೋ ಒಂದು 7 ಬರೆದರು. ಅವಳು ಓಡಿಸಿಕೊಂಡು ಹೋಗಿ ಅವರ ಬೆನ್ನಿಗೆ ಬರೆದಳು. ಸ್ಪಿರಿಟ್ಟಿನ ಕ್ಯಾನಿನ ಮುಚ್ಚಳ ಬಿಗಿಯಾಗಿಯೇ ಇತ್ತು. ಆದರೂ ಒಂಬತ್ತೂ ಜನರ ತಲೆ ತಿರುಗುತ್ತಿತ್ತು.

ಹತ್ತು ಗಂಟೆಗೆ ಲಾರಿ ಬಂತು. ಚಾಲಕ ಅಜೀಮುದ್ದೀನ್ ಬಾಗಿಲಲ್ಲೇ ನಿಂತ. ಅಂಗಳದ ತುಂಬ ಕೆಂಪು ಕೆಂಪು ಬಾಟಲಿ.

"ಇದೇನು ಖಾಲಾ, ಬಾಟಲಿಗಿ ಅರಿಷಿಣ ಕುಂಕುಮ ಮಾಡೀರೇನು?"

ಗಯಾಬಾಯಿ ಧನಶ್ರೀಯನ್ನು ಮುಂದೆ ತಳ್ಳಿದಳು. ಧನಶ್ರೀ ಹೇಳಿದಳು. ಪೂನಂ ಹೇಳಿದಷ್ಟೇ ಹೇಳಿದಳು, ಒಂದು ಮಾತೂ ಹೆಚ್ಚಿಲ್ಲ. ಕೊನೆಗೆ ಒಂದು ಬಾಟಲಿ ತಟ್ಟಿ ತೋರಿಸಿದಳು. ಅಜೀಮುದ್ದೀನನ ನಗು ಇಳಿಯಿತು. ಜೇಬಿನಿಂದ ಮೊಬೈಲ್ ತೆಗೆದ. ಹೆಂಡತಿಗೆ ಹಚ್ಚಿದ. ಸ್ಪೀಕರಿಗೆ ಹಾಕಿದ.

"ನಮ್ಮ ಕೂಸು ಮುನ್ನೀದು ಬಾಟಲಿ ಕೈಯಾಗ ತಗೋ. ಹಾಂ. ಉಗುರ್ಲೆ ತಟ್ಟು. ಫೋನಿಗಿ ಸಮೀಪ ಹಿಡಿ."

ಎಲ್ಲರೂ ಫೋನಿನ ಸುತ್ತ ಬಾಗಿದರು. ಹೆದ್ದಾರಿಯ ಮೇಲೆ ಒಂದು ಲಾರಿ ಹಾರ್ನ್ ಮಾಡಿ ಹೋಯಿತು. ಆಮೇಲೆ ಫೋನಿನೊಳಗಿನಿಂದ, ಸಣ್ಣಗೆ, ಸ್ಪಷ್ಟವಾಗಿ:

ಟಿಣ್.

ಅಜೀಮುದ್ದೀನ್ ಫೋನ್ ಜೇಬಿಗಿಟ್ಟ. ಲಾರಿಯ ಹಿಂಬಾಗಿಲನ್ನು ಎತ್ತಿ ಕೊಂಡಿ ಹಾಕಿದ. "ಈ ಮಾಲು ನಾ ಒಯ್ಯಂಗಿಲ್ಲ," ಎಂದ. ಹೋಗಲಿಲ್ಲ. ಲಾರಿಯನ್ನು ಗೇಟಿಗೆ ಅಡ್ಡ ನಿಲ್ಲಿಸಿ, ಬೀಡಿ ಹಚ್ಚಿ ಕೂತ.

ಮಹಾರುದ್ರಪ್ಪ ಗುರುನಾಥನ ಜೊತೆ ಬಂದಾಗ ಹನ್ನೊಂದು. ಕಾರು ಗೇಟಿನ ಹೊರಗೇ ನಿಲ್ಲಬೇಕಾಯಿತು. ನಡೆದು ಬಂದ. ಅಂಗಳ ನೋಡಿದ. ಮುಖದ ಬಣ್ಣ ಬಾಟಲಿಯ ಬಣ್ಣಕ್ಕೆ ಬಂತು.

"ಯಾರ ಕೆಲ್ಸ ಇದು? ಪೊಲೀಸ್ರನ್ನ ಕರಸ್ತೀನಿ! ಒಂದೊಂದು ಬಾಟಲಿ ಮ್ಯಾಲಿನ ಬೆರಳ ಗುರುತು ತಗಸ್ತೀನಿ!"

ಗಯಾಬಾಯಿ ಎರಡೂ ಅಂಗೈ ಎತ್ತಿ ಅವನ ಮುಖದ ಮುಂದೆ ಹಿಡಿದಳು. ಹತ್ತು ಬೆರಳು. ಕೆಂಪು, ನುಣ್ಣಗೆ.

"ತಗಸ್ರಿ ಸಾವ್ಕಾರ್ರ. ಎಲ್ಲಿವ ಗುರುತು? ನೀವೇ ತಿಂದೀರಿ."

ಅಂಗಳ ಸಿಡಿಯಿತು. ಅಜೀಮುದ್ದೀನ್ ಬೀಡಿ ಹೊಗೆ ಸಿಕ್ಕಿ ಕೆಮ್ಮಿದ. ಗುರುನಾಥ ಕೂಡ ಮುಖ ಆಚೆ ತಿರುಗಿಸಿದ, ಅವನ ಭುಜ ಕುಣಿಯುತ್ತಿದ್ದವು.

"ಪೊಲೀಸ್ರು ಬರ್ಲಿ," ಎಂದಳು ಕರೀಮಾ. "ಪೂನಂ ಬಾಯಿ ಮುಂಜಾನೇನೇ ಬಂದು ಫೋಟೋ ತಗೊಂಡು ಮ್ಯಾಲಿನವರಿಗಿ ಕಳಿಸ್ಯಾರ. ಈ ಸಲ ಬಾಟಲಿ ಖಾಲಿ ಇದ್ರೂ ನಡೀತದಂತ."

"ನಾಳಿಂದ ಯಾರೂ ಕೆಲ್ಸಕ್ಕ ಬರೂದು ಬ್ಯಾಡ!"

"ಇವತ್ತಿಂದೇ ಬಂದಿಲ್ರಿ," ಎಂದಳು ಗಯಾಬಾಯಿ. ಕೀಲಿಯನ್ನು ಅವನ ಕೈಗೆ ಕೊಡಲಿಲ್ಲ. "ಅಲ್ಲೇ ಇಡ್ತೀನಿ, ತಗೋರಿ," ಎಂದು ನೆಲದ ಮೇಲೆ ಇಟ್ಟಳು.

ಮಹಾರುದ್ರಪ್ಪ ಬಾಗಿ ಕೀಲಿ ತೆಗೆದುಕೊಂಡ. ಗುರುನಾಥನ ಕಡೆ ತಿರುಗಿ, ಮೇಲಿನವರು ಬರುವುದರೊಳಗೆ ತಿಕ್ಕು ಎಂದ. ಗುರುನಾಥ ಒಂದು ಬಾಟಲಿ ನೋಡಿದ, ತನ್ನ ಹೆಬ್ಬೆರಳು ನೋಡಿಕೊಂಡ, ಬಂದೆ ಎಂದು ಕಾರಿನ ಕಡೆ ಹೋದವನು ತಿರುಗಿ ಬರಲಿಲ್ಲ. ಒಂಬತ್ತು ಹೆಂಗಸರು ಗೋಡೆಯ ನೆರಳಲ್ಲಿ ಸಾಲಾಗಿ ಕೂತು ನೋಡುತ್ತಿದ್ದರು. ಆಗ ಸಾಹುಕಾರ ಮಹಾರುದ್ರಪ್ಪ ಬಿಳಿ ಅಂಗಿಯ ತೋಳು ಮಡಚಿದ. ನೆಲದ ಮೇಲೆ ಕೂತ. ಒಂದು ಬಾಟಲಿ, ಒಂದು ಪಾಲಿಶ್ ಪೇಪರ್ ತೆಗೆದುಕೊಂಡು ತಿಕ್ಕತೊಡಗಿದ. ಉಂಗುರ ಅಡ್ಡ ಬರುತ್ತಿತ್ತು. ಬಾಟಲಿ ಕೈಯಿಂದ ಜಾರಿ ಉರುಳಿ ಹೋಗುತ್ತಿತ್ತು. ಒಂದು ತಿಕ್ಕುವಷ್ಟರಲ್ಲಿ ಬಾಟಲಿಯ ಹೊಟ್ಟೆಯೆಲ್ಲ ಕುರುಡು ಕಣ್ಣಿನ ಹಾಗೆ ಮಸುಕಾಯಿತು, 7ರ ಕೆಂಪು ನೆರಳು ಮಾತ್ರ ಹಾಗೇ ಉಳಿಯಿತು. ಇನ್ನೂ ಎರಡು ಸಾವಿರ ಇದ್ದವು.

ಧನಶ್ರೀ ನೋಡಲಾರದೆ ಎದ್ದು ಅವನ ಮುಂದೆ ಹೋಗಿ ನಿಂತಳು.

"ಹಂಗಲ್ರಿ ಸಾವ್ಕಾರ್ರ. ಬಾಟಲಿ ತೊಡಿ ನಡುವ ಹಿಡೀರಿ. ಹೆಬ್ಬೆರಳು ಒತ್ರಿ. ಚರ್ಮ ಹೋಗ್ತದ. ಹೋಗ್ಲಿ ಬಿಡ್ರಿ."

ಹಿಂದೆ ಎಂಟು ಜನ ಬಾಯಿಗೆ ಸೆರಗು ತುರುಕಿಕೊಂಡರು. ಅವಳು ತಿರುಗಿ ಅವರನ್ನು ನೋಡಿದಳು. ಮತ್ತೆ ಅವನ ಕಡೆ ಬಾಗಿ, ಮೆತ್ತಗೆ, ಅವನದೇ ದನಿಯಲ್ಲಿ ಹೇಳಿದಳು.

"ಮತ್ತ, ಕಾಯಕದಾಗ ನಗಬಾರ್ದ್ರಿ."